ಜಲಪಾತದ ಮೇಲಿನ ಮನೆ: ಫಾಲಿಂಗ್‌ವಾಟರ್ ನೋಡಲು ಹೊರಟವರಿಗೆ

ಮುಂಬೈ ಕಡೆಯ ಮಾಟುಂಗಾ, ಡೊಂಬಿವಲಿಯ ಕನ್ನಡ ಮನೆಗಳಿಂದ ಬೇಸಿಗೆಯಲ್ಲಿ ಮಕ್ಕಳಿರುವ ಅಮೆರಿಕಕ್ಕೆ ಹೋಗುವ ಹಿರಿಯರಲ್ಲಿ ಹಲವರು ಪಿಟ್ಸ್‌ಬರ್ಗ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನದ ದರ್ಶನ ಮಾಡಿಯೇ ಮರಳುತ್ತಾರೆ. ಅಲ್ಲಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಆಗ್ನೇಯಕ್ಕೆ ಸಾಗಿದರೆ, ಮಿಲ್ ರನ್ ಎಂಬ ಊರಿನ ಬಳಿಯ ಕಾಡಿನಲ್ಲಿ ಫಾಲಿಂಗ್‌ವಾಟರ್ ಸಿಗುತ್ತದೆ. ಪ್ರವಾಸಕ್ಕೆ ಇನ್ನೊಂದು ದಿನ ಕೂಡಿಸಿಕೊಂಡಾದರೂ ಈ ಮನೆಯನ್ನು ನೋಡಬೇಕೆಂಬುದು ನನ್ನ ಒತ್ತಾಯ.

ಪಿಟ್ಸ್‌ಬರ್ಗ್‌ನ ವ್ಯಾಪಾರಿ ಎಡ್ಗರ್ ಕೌಫ್‌ಮನ್ ಅವರ ಕುಟುಂಬಕ್ಕಾಗಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ಇದನ್ನು ವಿನ್ಯಾಸಗೊಳಿಸಿದರು. ಜಲಪಾತ ಎದುರಿಗೆ ಕಾಣುವಂಥ ಮನೆಯನ್ನು ಕೌಫ್‌ಮನ್ ನಿರೀಕ್ಷಿಸಿದ್ದರು. ರೈಟ್ ಅದನ್ನು ಜಲಪಾತದ ಮೇಲೆಯೇ ಕಟ್ಟಿಸಿದರು. 1964ರಿಂದ ಸಾರ್ವಜನಿಕರಿಗೆ ಪ್ರವೇಶವಿದ್ದು, 2019ರಲ್ಲಿ ಇದು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಟಿಕೆಟನ್ನು ಅಧಿಕೃತ ಜಾಲತಾಣದಲ್ಲಿ ಮುಂಚಿತವಾಗಿಯೇ ಕಾಯ್ದಿರಿಸಿ. ಎಲೆಗಳು ಬಣ್ಣಕ್ಕೆ ತಿರುಗುವ ಅಕ್ಟೋಬರ್‌ನಲ್ಲಿ ಕೊನೆಯ ಗಳಿಗೆಯ ಪ್ರಯತ್ನ ಬೇಡ. ಸಾಮಾನ್ಯವಾಗಿ ಬುಧವಾರ ರಜೆಯಿರುತ್ತದೆ, ಚಳಿಗಾಲದಲ್ಲಿ ಕೆಲಕಾಲ ಮುಚ್ಚಿರುತ್ತದೆ. ಆರು ವರ್ಷದೊಳಗಿನ ಮೊಮ್ಮಕ್ಕಳಿಗೆ ಮನೆಯೊಳಗಿನ ಪ್ರವಾಸದಲ್ಲಿ ಪ್ರವೇಶವಿಲ್ಲವಾದ್ದರಿಂದ, ಅವರನ್ನು ಹೊರಗೆ ನೋಡಿಕೊಳ್ಳುವವರು ಯಾರೆಂಬುದನ್ನು ಹೊರಡುವ ಮೊದಲೇ ನಿರ್ಧರಿಸಿಕೊಳ್ಳಿ. ಸುತ್ತಮುತ್ತ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗದು. ಟಿಕೆಟ್ ಮತ್ತು ದಾರಿಯ ನಕ್ಷೆಯನ್ನು ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಬೇಕು. ಒಳಗೆ ಕಿರಿದಾದ ಮೆಟ್ಟಿಲುಗಳಿವೆ. ಮಂಡಿನೋವಿನವರು ಹೊರಾಂಗಣಕ್ಕೆ ಮಾತ್ರ ಸಿಗುವ ಟಿಕೆಟ್ ಪಡೆದರೂ ನಷ್ಟವಿಲ್ಲ.

ಒಳಗೆ ಹೋದವರು ಮೊದಲು ನೆಲವನ್ನು ನೋಡಬೇಕು. ಅಲ್ಲಿಯ ಕಲ್ಲುಚಪ್ಪಡಿಗಳಿಗೆ ಮೇಣ ಹಚ್ಚಿ, ಹೊಳೆಯ ನೀರಿನಲ್ಲಿ ನೆನೆದಂತೆ ಕಾಣಿಸಿದ್ದಾರೆ; ಆದರೆ ಅಗ್ಗಿಷ್ಟಿಕೆಯ ಮುಂದೆ ನೆಲದಿಂದ ಮೇಲೆದ್ದಿರುವ ಮೂಲ ಬಂಡೆಗೆ ಮೇಣವಿಲ್ಲದ ಕಾರಣ, ಅದು ನೀರಿನಿಂದ ತಲೆಯೆತ್ತಿದ ಒಣಬಂಡೆಯಂತೆ ತೋರುತ್ತದೆ. ಕಿಟಕಿಯ ಗಾಜು ಕಲ್ಲಿನ ಗೋಡೆಯನ್ನು ಸೇರುವ ಕಡೆ ಚೌಕಟ್ಟೇ ಇಲ್ಲ, ಗಾಜನ್ನು ನೇರವಾಗಿ ಕಲ್ಲಿನ ಸೀಳಿನೊಳಗೆ ಕೂರಿಸಿದ್ದಾರೆ. ಹಜಾರದಿಂದಲೇ ಹೊಳೆಗೆ ಇಳಿಯುವ ಮೆಟ್ಟಿಲುಗಳೂ ಇವೆ. ಪ್ರಕೃತಿಯೊಡನೆ ಬೆರೆಯುವುದೆಂದರೆ ಗೋಡೆಗೆ ಹಸಿರು ಬಳಿಯುವುದಲ್ಲ, ಕಟ್ಟಡದ ಒಂದೊಂದು ಸಂದಿಯಲ್ಲೂ ಆ ಜಾಗದ ಕಲ್ಲು, ನೀರು, ಮರಗಳನ್ನು ಗೌರವಿಸುವುದು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮುಂಬೈಯವರು ಮನೆಯಿಂದ ಹೊರಚಾಚಿರುವ ಬಿಸಿಲುಮಚ್ಚುಗಳನ್ನೂ (ಟೆರೇಸ್) ಗಮನವಿಟ್ಟು ನೋಡಬೇಕು. ಮಳೆಗಾಲ ಬಂತೆಂದರೆ ವಸತಿ ಸೊಸೈಟಿಯ ಛಜ್ಜಾಗಳ (ಕಿಟಕಿಯ ಮೇಲೆ ಚಾಚಿದ ಕಾಂಕ್ರೀಟ್ ಚಪ್ಪಡಿಗಳ) ಬಿರುಕು ಹುಡುಕುವ ನಮಗೆ, ತುದಿಯಲ್ಲಿ ಕಂಬದ ಆಸರೆಯೇ ಇಲ್ಲದೆ ಹೊಳೆಯ ಮೇಲೆ ಚಾಚಿರುವ ಈ ಕಾಂಕ್ರೀಟಿನ ಸಾಹಸವೂ ಅದರ ಅಪಾಯವೂ ಬೇಗ ಅರ್ಥವಾಗುತ್ತವೆ. ದಶಕಗಳು ಕಳೆದಂತೆ ಅವು ಕೆಲವೆಡೆ ಸುಮಾರು 7 ಇಂಚಿನಷ್ಟು ಬಾಗಿದ್ದವು. 2002ರಲ್ಲಿ ನೆಲದ ಕಲ್ಲುಗಳನ್ನು ತೆಗೆದು, ತೊಲೆಗಳ ಪಕ್ಕದಲ್ಲಿ ಉಕ್ಕಿನ ಕೇಬಲ್‌ಗಳನ್ನು ಬಿಗಿದು ಭದ್ರಪಡಿಸಿ, ಕಲ್ಲುಗಳನ್ನು ಮತ್ತೆ ಸ್ವಸ್ಥಾನದಲ್ಲಿ ಇರಿಸಿದರು.

ಪ್ರವಾಸ ಮುಗಿದ ಮೇಲೆ ಹೊಳೆಯ ಕೆಳಭಾಗದ ವೀಕ್ಷಣಾ ಸ್ಥಳಕ್ಕೆ ಹೋಗಿ. ಮನೆ ಮತ್ತು ಜಲಪಾತ ಒಟ್ಟಾಗಿ ಕಾಣುವ ಪ್ರಸಿದ್ಧ ಚಿತ್ರ ಸಿಗುವುದು ಅಲ್ಲಿಯೇ. ಸಮಯ ಉಳಿದರೆ ಹತ್ತಿರದಲ್ಲೇ ರೈಟ್ ಅವರ ಇನ್ನೊಂದು ಮನೆಯಾದ ಕೆಂಟಕ್ ನಾಬ್ ಇದೆ. ಅದಕ್ಕೆ ಬೇರೆ ಟಿಕೆಟ್ ಬೇಕು.