ಬಟವಾಡೆಯ ದಿನ ಯಾಕೋಬನ ಪತ್ರಿಕೆ

ಮಂಗಳೂರಿನಲ್ಲಿ ಮನೆ ಕಟ್ಟಿಸಿಕೊಡುವ ಗುತ್ತಿಗೆ ಕೆಲಸ ನನ್ನದು. ಭಾನುವಾರ ಚರ್ಚಿನಲ್ಲಿ ಕೇಳಿದ ದೇವರ ವಾಕ್ಯವನ್ನು ಸೋಮವಾರ ಕೆಲಸದ ಜಾಗದಲ್ಲಿ ಪಾಲಿಸುವುದು ಹೇಗೆ ಎಂದು ನಮ್ಮ ಸಭೆಯ ಯುವಕರು ಆಗಾಗ ಕೇಳುತ್ತಾರೆ. ನಾನು ರೂಢಿಸಿಕೊಂಡಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸತ್ಯವೇದದ, ಅಂದರೆ ಬೈಬಲಿನ, ಅಲ್ಲೊಂದು ಇಲ್ಲೊಂದು ವಚನವನ್ನು ಆರಿಸಿಕೊಂಡು ಓದುವುದು ನನಗೆ ಸರಿ ಕಾಣುವುದಿಲ್ಲ. ಪ್ರವಾದಿ ಯೆರೆಮೀಯನ ಪುಸ್ತಕದ 29ನೆಯ ಅಧ್ಯಾಯದ 11ನೆಯ ವಚನ ಎಷ್ಟೋ ಮನೆಗಳ ಗೋಡೆಯ ಮೇಲಿದೆ: ದೇವರು ನಮಗಾಗಿ ಒಳ್ಳೆಯದನ್ನೇ ಯೋಚಿಸಿದ್ದಾನೆ ಎಂಬ ಮಾತು. ಆದರೆ ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಅವನು ಬರೆದ ಪತ್ರದ ನಡುವಿನ ಮಾತು. ಹಿಂದಿನ ವಚನ 70 ವರ್ಷ ಕಾಯಬೇಕೆನ್ನುತ್ತದೆ. ಏಳನೆಯ ವಚನ, ಸೆರೆಯಾಗಿ ಹೋದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ ಎನ್ನುತ್ತದೆ. ಗಲ್ಫಿನಲ್ಲಿರುವ ನನ್ನ ತಮ್ಮನಿಗೆ ಅಧ್ಯಾಯವನ್ನು ಪೂರ್ತಿ ಓದಲು ಹೇಳಿದೆ. "ಊರಿಗೆ ಮರಳುವುದಕ್ಕಾಗಿ ಮಾತ್ರ ಪ್ರಾರ್ಥಿಸುತ್ತಿದ್ದೆ ಅಣ್ಣಾ, ಈ ಊರಿಗಾಗಿ ಪ್ರಾರ್ಥಿಸಬೇಕೆಂದು ತೋಚಿರಲೇ ಇಲ್ಲ" ಎಂದ.

ಹಾಗಾಗಿ ಒಂದು ಪುಸ್ತಕ ಹಿಡಿದರೆ ಅದನ್ನೇ ತಿಂಗಳುಗಟ್ಟಲೆ ಓದುತ್ತೇನೆ. ಸತ್ಯವೇದದ ಹೊಸ ಒಡಂಬಡಿಕೆಯಲ್ಲಿ ಯಾಕೋಬನ ಪತ್ರಿಕೆ ಎಂಬ ಪತ್ರವಿದೆ, ಅದರಲ್ಲಿ ಇರುವುದು 5 ಅಧ್ಯಾಯ, 108 ವಚನ. ಗಟ್ಟಿಯಾಗಿ ಓದಿದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮೊದಲು ಇಡೀ ಪತ್ರಿಕೆ, ಆಮೇಲೆ ಬೆಳಿಗ್ಗೆ ಒಂದೊಂದೇ ಭಾಗ. ಯಾರಿಗೆ ಹೇಳಿದ್ದು, ಯಾಕೆ ಹೇಳಿದ್ದು ಎಂದು ನೋಡಿದ ನಂತರ, ಆ ದಿನ ಯಾರ ವಿಷಯದಲ್ಲಿ ಏನು ಮಾಡಬೇಕೆಂದು ಒಂದೇ ಸಾಲು ಬರೆದುಕೊಳ್ಳುತ್ತೇನೆ. "ಎಲ್ಲರನ್ನೂ ಪ್ರೀತಿಸಬೇಕು" ಎಂಬಂಥದ್ದನ್ನು ಬರೆಯುವುದಿಲ್ಲ. ಮಾಡಿದೆನೋ ಇಲ್ಲವೋ ಎಂದು ರಾತ್ರಿ ಹೇಳಲಾಗದ ಸಾಲಿನಿಂದ ಪ್ರಯೋಜನವಿಲ್ಲ.

ನನ್ನನ್ನು ಹೆಚ್ಚು ಬದಲಿಸಿದ್ದು ಐದನೆಯ ಅಧ್ಯಾಯದ ನಾಲ್ಕನೆಯ ವಚನ. ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ಕರ್ತನ ಕಿವಿ ಮುಟ್ಟಿದೆ ಎನ್ನುತ್ತಾನೆ ಯಾಕೋಬ. ಇದರ ಬೇರು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿದೆ: ಬಡವನ ಕೂಲಿಯನ್ನು ಹೊತ್ತು ಮುಳುಗುವ ಮೊದಲೇ ಕೊಡು, ಅವನು ಅದನ್ನೇ ನೆಚ್ಚಿಕೊಂಡಿದ್ದಾನೆ. ನಮ್ಮ ಕಸುಬಿನಲ್ಲಿ ಮನೆಯವರ ದುಡ್ಡು ಬಂದ ಮೇಲೆಯೇ ಬಟವಾಡೆ ಎಂಬುದು ನಡೆದುಬಂದ ರೂಢಿ. ನನ್ನ ಬಳಿ ಕೊಪ್ಪಳ, ಬಾಗಲಕೋಟೆ ಕಡೆಯಿಂದ ಬಂದವರು ದುಡಿಯುತ್ತಾರೆ. ಶನಿವಾರದ ಕೂಲಿಯಿಂದಲೇ ಅವರ ಭಾನುವಾರದ ಸಂತೆ, ಊರಿಗೆ ಕಳುಹಿಸುವ ಹಣ. ಬಟವಾಡೆ ಸೋಮವಾರಕ್ಕೆ ಹೋದರೆ ಒಂದು ಮನೆಯ ಒಲೆಗೆ ಏನಾಗುತ್ತದೆ ಎಂಬುದನ್ನು ನಾನು ಆ ವಚನದ ಮುಂದೆ ಕುಳಿತು ಯೋಚಿಸಿದೆ.

ಈಗ ಒಪ್ಪಂದ ಬರೆಯುವಾಗಲೇ ಎರಡು ವಾರದ ಕೂಲಿಯಷ್ಟನ್ನು ಮುಂಗಡವಾಗಿ ಪಡೆದು ಬೇರೆ ಖಾತೆಯಲ್ಲಿಡುತ್ತೇನೆ. ಸಿಮೆಂಟಿಗಾಗಲಿ ಕಬ್ಬಿಣಕ್ಕಾಗಲಿ ಅದನ್ನು ಮುಟ್ಟುವುದಿಲ್ಲ. ಮುಂಗಡ ಕೇಳಿದ್ದಕ್ಕೆ ಕೆಲವು ಕೆಲಸಗಳು ಕೈತಪ್ಪಿವೆ. ಅದಕ್ಕೆ ನನಗೆ ಬೇಸರವಿಲ್ಲ. ಶನಿವಾರ ಐದು ಗಂಟೆಗೆ ಹಾಜರಿ ಪುಸ್ತಕ ತೆರೆದು, ಪ್ರತಿಯೊಬ್ಬರ ಲೆಕ್ಕವನ್ನು ಅವರೆದುರೇ ಓದಿ ಹೇಳಿ ಕೈಗೆ ಕೊಡುತ್ತೇನೆ. ಓದು ಬಾರದ ಹೆಂಗಸರು ಬೆರಳು ಮಡಚಿ ದಿನ ಎಣಿಸಿ ತಾಳೆ ನೋಡುತ್ತಾರೆ. ಅವರ ಎಣಿಕೆ ಮುಗಿಯುವವರೆಗೆ ನಾನು ಮುಂದಿನ ಹೆಸರು ಕರೆಯುವುದಿಲ್ಲ.

ಸ್ವಿಟ್ಜರ್ಲೆಂಡಿನಿಂದ ಬಂದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಪ್ರಾರ್ಥನೆಯೂ ಮೈಬೆವರಿನ ದುಡಿಮೆಯೂ ನಮ್ಮ ಸಭೆಯವರ ಬದುಕಿನಲ್ಲಿ ಒಟ್ಟಿಗೇ ಸಾಗಿವೆ. ವಿಶ್ವಾಸವನ್ನು ಕೂಲಿಯ ಲೆಕ್ಕದಿಂದ ಬೇರೆ ಇಡಬೇಕೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಕಿವಿಗೊಡುವುದರಲ್ಲಿ ಚುರುಕಾಗಿರಿ, ಮಾತಿನಲ್ಲಿ ನಿಧಾನವಾಗಿರಿ ಎಂಬ ಯಾಕೋಬನ ಮೊದಲನೆಯ ಅಧ್ಯಾಯದ 19ನೆಯ ವಚನ ಇನ್ನೂ ನನಗೆ ದಿನನಿತ್ಯದ ಪಾಠ. ಗೋಡೆ ಓರೆಯಾದರೆ ಮೊದಲು ಮೇಸ್ತ್ರಿಯ ಮಾತು ಪೂರ್ತಿ ಕೇಳುತ್ತೇನೆ, ನನ್ನ ಮಾತು ಆಮೇಲೆ.

ಎರಡನೆಯ ಅಧ್ಯಾಯದಲ್ಲಿ, ಚಿನ್ನದ ಉಂಗುರದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನಿಗೆ ಕಾಲಬಳಿ ಜಾಗ ಎಂಬ ಪಕ್ಷಪಾತವನ್ನು ಯಾಕೋಬ ಖಂಡಿಸುತ್ತಾನೆ. ಗೃಹಪ್ರವೇಶದ ದಿನ ಆ ಮನೆ ಕಟ್ಟಿದವರನ್ನು ಕೊನೆಯ ಪಂಕ್ತಿಗೆ ಕಾಯಿಸುವುದು ನಮ್ಮಲ್ಲಿ ಮಾಮೂಲು. ಕೆಲಸಗಾರರಿಗೆ ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿ ಎಂದು ಮನೆಯವರನ್ನು ಮೊದಲೇ ಕೇಳಿಕೊಳ್ಳುತ್ತೇನೆ. ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಒಪ್ಪದ ಮನೆಗಳಲ್ಲಿ ನಾನೂ ಕೊನೆಯ ಪಂಕ್ತಿಯಲ್ಲಿ ಅವರೊಂದಿಗೆ ಊಟಕ್ಕೆ ಕೂರುತ್ತೇನೆ.