ಡೆಕ್ಸಾ ತಡೆದೆ, ಲಿಂಫೋಮಾ ಸಿಕ್ಕಿತು

ಪಿಟ್ಯುಟರಿ (ಮೆದುಳಿನ ಬುಡದ ಹಾರ್ಮೋನ್ ಗ್ರಂಥಿ) ಗಡ್ಡೆಯ ಈ ರೋಗಿಗೆ ಬಯಾಪ್ಸಿಯಾಗುವವರೆಗೆ ಡೆಕ್ಸಾ, ಅಂದರೆ ಡೆಕ್ಸಾಮೆಥಾಸೋನ್ ಎಂಬ ಪ್ರಬಲ ಸ್ಟೀರಾಯ್ಡ್, ಬೇಡ ಎಂದು ಹಟ ಹಿಡಿದಾಗ, ಶಿರಸಿಯಲ್ಲಿ ಕುಳಿತ ಫಿಜಿಶಿಯನ್‌ಗೆ ಇದೆಲ್ಲ ಏಕೆ ಎಂದವರೇ ಹೆಚ್ಚು. ಕೊನೆಗೆ ಬಯಾಪ್ಸಿಯ ವರದಿ ನನ್ನ ಮೇಜಿಗೆ ಬಂತು: ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ, ಅಂದರೆ ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್; ಕೋಶದ ಮೇಲಿನ ಗುರುತಿನ ಪ್ರೋಟೀನ್ ಸಿಡಿ20 ಪಾಸಿಟಿವ್.

ಹಟಕ್ಕೆ ಕಾರಣ ನನ್ನ ಹಳೆಯ ತಪ್ಪು. ಏಳೆಂಟು ವರ್ಷಗಳ ಹಿಂದೆ ಕುಮಟಾ ಕಡೆಯ ಮಹಿಳೆಯೊಬ್ಬರು ರೆಪ್ಪೆ ಜೋತುಬಿದ್ದು ಬಂದಿದ್ದರು. ನಾನೇ ಡೆಕ್ಸಾ ಬರೆದೆ. ನಾಲ್ಕನೇ ದಿನ ರೆಪ್ಪೆ ಎದ್ದಿತು, ಮನೆಯವರು ಕೈಮುಗಿದರು. ಎರಡು ವಾರದ ನಂತರ ತೆಗೆದ ತುಣುಕಿನಲ್ಲಿ ಸತ್ತ ಕೋಶಗಳ ಹೊರತು ಏನೂ ಇರಲಿಲ್ಲ; ಡೆಕ್ಸಾ ಲಿಂಫೋಮಾ ಕೋಶಗಳನ್ನು ಕೊಂದು ರೋಗದ ಗುರುತನ್ನೇ ಅಳಿಸಿತ್ತು. ಮೂರು ತಿಂಗಳಿಗೆ ಗಡ್ಡೆ ಮರಳಿತು. ಎರಡನೇ ಬಯಾಪ್ಸಿ ಲಿಂಫೋಮಾ ಎಂದು ಹೆಸರು ಹೇಳುವಷ್ಟರಲ್ಲಿ ಆಕೆ ಹಾಸಿಗೆ ಹಿಡಿದಿದ್ದರು. ಉಳಿಯಲಿಲ್ಲ.

ಈ ಬಾರಿಯವರು ಅಡಿಕೆ ತೋಟದವರು, ಅರವತ್ತರ ಆಸುಪಾಸು. ಕೊನೆಕೊಯ್ಲಿನ ನಡುವೆ ಎಲ್ಲವೂ ಎರಡೆರಡಾಗಿ ಕಾಣತೊಡಗಿತ್ತು, ಇವರಿಗೂ ರೆಪ್ಪೆ ಜೋತುಬಿದ್ದಿತ್ತು. ಮೂರೇ ವಾರದ ಕಾಯಿಲೆ. ಹುಬ್ಬಳ್ಳಿಯ ಎಂಆರ್‌ಐಗೆ ಏಳೆಂಟು ಸಾವಿರ, ವರದಿಯಲ್ಲಿ ಅಡೆನೋಮಾ, ಅಂದರೆ ಪಿಟ್ಯುಟರಿಯ ಕ್ಯಾನ್ಸರ್ ಅಲ್ಲದ ಸಾಮಾನ್ಯ ಗಡ್ಡೆ. ಪಿಟ್ಯುಟರಿಯ ಹಾರ್ಮೋನ್ ಪ್ರೊಲ್ಯಾಕ್ಟಿನ್ ಅರವತ್ತರ ಸುತ್ತ ಇದ್ದುದಕ್ಕೆ ಯಾರೋ ಅದನ್ನು ಇಳಿಸುವ ಕ್ಯಾಬರ್ಗೋಲಿನ್ ಶುರು ಮಾಡಿದ್ದರು. ಪ್ರೊಲ್ಯಾಕ್ಟಿನ್ ಸುರಿಸುವ ಅಷ್ಟು ದೊಡ್ಡ ಗಡ್ಡೆಗೆ ಆ ಅಂಕಿ ತೀರ ಕಡಿಮೆ. ಪಿಟ್ಯುಟರಿಯ ತೊಟ್ಟು ಒತ್ತಿ ಏರಿದ್ದು ಅಷ್ಟೇ.

ದೇಹವೇ ತಯಾರಿಸುವ ಸ್ಟೀರಾಯ್ಡ್ ಕಾರ್ಟಿಸಾಲ್ ಬೆಳಗ್ಗೆ ಬರೀ ಎರಡು, ತೀರ ಕಡಿಮೆ. ಅದರ ಬದಲಿಗೆ ಹೈಡ್ರೋಕಾರ್ಟಿಸೋನ್ ಕೊಡದೆ ಗತಿಯಿಲ್ಲ. ದಿನಕ್ಕೆ 20 ಮಿ.ಗ್ರಾಂ., ದೇಹಕ್ಕೆ ಬೇಕಾದಷ್ಟೇ. ಥೈರಾಕ್ಸಿನ್ ಆಮೇಲೆ. ಎರಡನೇ ದಿನವೇ ಮೂತ್ರ ಕಟ್ಟೆಯೊಡೆಯಿತು. ಕಾರ್ಟಿಸಾಲ್ ಕೊರತೆ ಅದುವರೆಗೆ ಮುಚ್ಚಿಟ್ಟಿದ್ದ ಡಯಾಬಿಟಿಸ್ ಇನ್ಸಿಪಿಡಸ್ (ಸಕ್ಕರೆ ಕಾಯಿಲೆಯಲ್ಲ, ನೀರು ಹಿಡಿದಿಡುವ ಹಾರ್ಮೋನಿನ ಕೊರತೆ) ಹೊರಬಿದ್ದಿತ್ತು. ರಾತ್ರಿಪಾಳಿಗೆ ನರ್ಸ್ ಒಬ್ಬರೇ, ಆದ್ದರಿಂದ ಮೂತ್ರ ಅಳೆಯುವ ಕೆಲಸವನ್ನು ರೋಗಿಯ ಹೆಂಡತಿಗೆ ಒಪ್ಪಿಸಿದೆ. ಹಾಲಿನ ಹಳೆಯ ಲೀಟರ್ ಅಳತೆಯಲ್ಲಿ ಅಳೆದು, ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಲೀಟರಿಗೊಂದು ಗೀಟು ಹಾಕಿದ್ದರು: ರಾತ್ರಿಗೆ ನಾಲ್ಕು, ಹಗಲಿಗೆ ಮೂರು. ‘ಡಾಕ್ಟರೇ, ತಂಬಿಗೆ ತುಂಬಿಸಿ ತಿರುಗುವಷ್ಟರಲ್ಲಿ ಖಾಲಿ’ ಎಂದರು. ಶಸ್ತ್ರಚಿಕಿತ್ಸೆಗೆ ಮೊದಲೇ ಅಡೆನೋಮಾ ಹೀಗೆ ಮಾಡುವುದು ತೀರ ಅಪರೂಪ. ಲಿಂಫೋಮಾದಲ್ಲಿ ಏರಬಹುದಾದ ರಕ್ತದ ಕಿಣ್ವ ಎಲ್‌ಡಿಎಚ್ ಕೂಡ ದುಪ್ಪಟ್ಟಿತ್ತು. ಕುತ್ತಿಗೆ, ಕಂಕುಳು, ವೃಷಣ ಎಲ್ಲ ಹುಡುಕಿದೆ; ಸುಲಭವಾಗಿ ಚುಚ್ಚುವಂಥ ಗಂಟು ಎಲ್ಲೂ ಸಿಗಲಿಲ್ಲ.

  

ಮಂಗಳೂರಿನಲ್ಲಿ ಒಬ್ಬರು ಹೈಪೊಫಿಸೈಟಿಸ್ (ಪಿಟ್ಯುಟರಿಯ ಉರಿಯೂತ) ಇರಬೇಕು, ಸ್ಟೀರಾಯ್ಡ್ ಏರಿಸೋಣ ಎಂದರು. ದೃಷ್ಟಿ ಕುಸಿಯುತ್ತಿದ್ದರೆ ನಾನೂ ಒಪ್ಪುತ್ತಿದ್ದೆ, ಕುಸಿಯುತ್ತಿರಲಿಲ್ಲ. ಐದು ದಿನದೊಳಗೆ ಶಸ್ತ್ರಚಿಕಿತ್ಸೆಯ ಸರದಿ ಹೇಗೆ ಹಿಡಿದೆ ಎಂಬುದು ನನ್ನಲ್ಲೇ ಇರಲಿ. ಮೂಗಿನ ಮೂಲಕ ತೆಗೆದ ತುಣುಕಿನ ಅರ್ಧವನ್ನು ಫಾರ್ಮಲಿನ್‌ಗೆ ಹಾಕದೆ ಹಸಿಯಾಗಿಯೇ ಫ್ಲೋ ಸೈಟೊಮೆಟ್ರಿಗೆ (ಕೋಶಗಳ ಗುರುತು ಹಿಡಿಯುವ ಪರೀಕ್ಷೆ) ಕಳುಹಿಸಲು ಮೊದಲೇ ಹೇಳಿದ್ದೆ.

ಲಿಂಫೋಮಾಕ್ಕೆ ಕೊಟ್ಟ ಮೆಥೋಟ್ರೆಕ್ಸೇಟ್ ಅಗ್ಗದ ಔಷಧ. ದುಡ್ಡು ತಿಂದದ್ದು ಸಿಡಿ20ಗೆ ಗುರಿಯಿಡುವ ರಿಟುಕ್ಸಿಮ್ಯಾಬ್, ಪ್ರತಿ ಸುತ್ತಿನ ಆಸ್ಪತ್ರೆ ವಾಸ, ಮತ್ತೆ ದೇವಿಮನೆ ಘಟ್ಟ ಇಳಿದು ಹೋಗುವ ಕಾರು: ಬಾಡಿಗೆಯೇ ಒಂದೊಂದು ಸುತ್ತಿಗೂ ಏಳೆಂಟು ಸಾವಿರ. ಒಟ್ಟು ನಾಲ್ಕೂವರೆ ಲಕ್ಷ ದಾಟಿತು. ಎರಡು ವರ್ಷದ ಅಡಿಕೆ ಅದಕ್ಕೇ ಹೋಯಿತು ಎಂದರು ಅವರ ಮಗ.

ಎರಡನೇ ಸುತ್ತಿನ ನಂತರ ರೆಪ್ಪೆ ಪೂರ್ತಿ ತೆರೆಯಿತು. ಆರನೆಯದರ ಬಳಿಕದ ಎಂಆರ್‌ಐಯಲ್ಲಿ ಗಡ್ಡೆ ಕಾಣಲಿಲ್ಲ. ಹೈಡ್ರೋಕಾರ್ಟಿಸೋನ್, ಮೂತ್ರ ತಗ್ಗಿಸುವ ಡೆಸ್ಮೋಪ್ರೆಸಿನ್ ಇನ್ನೂ ನಡೆದಿವೆ. ಮೊನ್ನೆ ಅದೇ ಪುಸ್ತಕ ತಂದಿದ್ದರು. ಇಡೀ ದಿನಕ್ಕೆ ಎರಡೇ ಗೀಟು.