ಎಲುಬು ಹೇಳ್ಲಿಲ್ಲ, ಹುರಳಿ ಹೇಳ್ತು

ಗಂಗಾವತಿ ಕಡೆ ಗುಡ್ಡದಾಗ ಬಂಡೆ ಸಂದಿಯೊಳಗ ಮನಷ್ಯಾರ ಎಲುಬು ಅದಾವ ಅಂತ ಗುಡ್ಡ ಹತ್ತೋ ಹುಡುಗರ ಫೋನ್ ಬಂದಾಗ ನಾನು ಬಳ್ಳಾರಿಯಾಗಿದ್ದೆ. ಊರ ಹೆಸರು ಬರೆಯಲ್ಲ, ನಿಧಿ ಹುಡುಕೋರೂ ಓದ್ತಾರ. ನಮ್ಮದು ಗ್ರಾನೈಟ್ ಸೀಮೆ, ಸುಣ್ಣಕಲ್ಲಿನ ಗವಿ ಇಲ್ಲ, ಬಂಡೆ ಮ್ಯಾಲೆ ಬಂಡೆ ಬಿದ್ದು ಆದ ಸಂದಿಯಾಗ ಹೊಟ್ಟೆ ಮ್ಯಾಲೆ ತೆವಳ್ಕೊಂಡು ಹೋಗ್ಬೇಕು.

ಪುಣ್ಯಕ್ಕ ಹುಡುಗರು ಏನೂ ಎತ್ತಿರ್ಲಿಲ್ಲ. ಕೆಡಿಸಿದ್ದು ನಾನೇ. ಲೈಸೆನ್ಸ್ ಬಂದು ಅಗೆತ ಶುರುವಾದ ಮ್ಯಾಲೆ ತಲೆಬುರುಡೆ ಸೀಮೆಸುಣ್ಣದಂಗ ಪುಡಿ ಉದುರ್ತಿತ್ತು ಅಂತ ಅಂಗಡಿ ಗೋಂದು ನೀರಾಗ ಕಲಸಿ ಬಳಿದ್ಬಿಟ್ಟೆ. ಎಲುಬಿನ ವಯಸ್ಸು ಹೇಳೋದು ಅದರಾಗಿನ ಕಾರ್ಬನ್-14 ಅಳೆದು, ಜೀವ ಹೋದ ಮ್ಯಾಲೆ ಅದು ಕಮ್ಮಿ ಆಗ್ತಾ ಹೋಗ್ತದ. ಆ ಗೋಂದು ಹುಟ್ಟೋದು ಪೆಟ್ರೋಲಿಯಂನಿಂದ, ಅದರಾಗ ಕಾರ್ಬನ್-14 ಉಳಿದೇ ಇರಲ್ಲ, ಲ್ಯಾಬ್‌ಗೆ ಹೋದ್ರ ಎಲುಬು ಇರೋದಕ್ಕಿಂತ ಹಳೇದು ಅಂತ ಸುಳ್ಳು ಹೇಳ್ತದ.

ಉಳಿದಿದ್ದು ತೊಡೆ ಎಲುಬು. ಕಾರ್ಬನ್ ಅಳೆಯೋದು ಎಲುಬಿನ ಕೊಲಾಜನ್ ಅನ್ನೋ ಪ್ರೋಟೀನಿನಾಗ. ಹಸಿ ಎಲುಬಿನಾಗ ತೂಕದ 20 ಪರ್ಸೆಂಟ್ ಹತ್ರ ಅದು ಇರ್ತದ, 1 ಪರ್ಸೆಂಟ್‌ಗಿಂತ ಕಮ್ಮಿ ಇದ್ರ ಲ್ಯಾಬ್‌ನವರು ನಂಬಲ್ಲ. ಮ್ಯಾಲಿನ ಪದರ ಕೆರೆದು, ಚೂರು ತೂಕ ಮಾಡಿ, ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಾಗ ಹಾಕಿ ಫ್ರಿಜ್‌ನಾಗ ಇಟ್ಟೆ. ಎಲುಬು ಚಲೋ ಇದ್ರ ಸುಣ್ಣದಂಶ ಕರಗಿ ರಬ್ಬರ್‌ನಂಗ ಮೆತ್ತನ ತುಂಡು ಉಳೀತದ. ನಮ್ಮದರಾಗ ಬೆಳಿಗ್ಗೆ ನೋಡಿದ್ರ ತಳದಾಗ ಚಾ ಚರಟದಂಥ ಪುಡಿ, ಕೊಲಾಜನ್ ಇಲ್ಲ. ಸಾವಿರಾರು ಬ್ಯಾಸಿಗಿ ಸುಟ್ಟ ಎಲುಬು, ಇನ್ನೇನು ಉಳೀತದ.

ದಕ್ಷಿಣ ಆಫ್ರಿಕಾದಾಗ 2013ರಾಗ ಗವಿ ಹೊಕ್ಕೋರಿಗೇ ಸಿಕ್ಕ ಹೋಮೋ ನಲೇಡಿ ಅನ್ನೋ ಅಳಿದು ಹೋದ ಮನಷ್ಯಾ ಜಾತಿ ನೋಡ್ರಿ, ಕಾರ್ಬನ್ 50 ಸಾವಿರ ವರ್ಷದ ಆಚೆ ನಡೆಯಲ್ಲ, ಅದಕ್ಕ ಹಲ್ಲು, ಗವಿಯಾಗ ಕಟ್ಟಿದ ಸುಣ್ಣದ ಪದರ ಅಳೆದು 2.36ರಿಂದ 3.35 ಲಕ್ಷ ವರ್ಷ ಅಂದ್ರು. ನಮ್ಮ ಗ್ರಾನೈಟ್‌ನಾಗ ಆ ಪದರ ಎಲ್ಲಿಂದ ತರೋದು?

ಕಡೀಗೆ ಹೆಣದ ಪಕ್ಕದ ಗಡಿಗಿಯೊಳಗಿನ ಮಣ್ಣು ಬಕೆಟ್ ನೀರಿಗೆ ಹಾಕಿ ತೇಲಿಸಿದ್ವಿ. ಸುಟ್ಟ ಹುರಳಿ ನಾಕು ಕಾಳು, ಒಂದೆರಡು ಕೊರಲೆ. ಬಳ್ಳಾರಿ ಹತ್ರದ ನವಶಿಲಾಯುಗದ ನೆಲೆ ಸಂಗನಕಲ್ಲಿನಾಗೂ ಹಿಂಗ ಸುಟ್ಟ ಕಾಳು ಹಿಡಿದೇ ಕಾಲ ಕಟ್ಟಿದ್ದು. ಕಟ್ಟಿಗಿ ಇದ್ದಿಲು ಮುದಿ ಮರದ್ದಿದ್ರ ನೂರಾರು ವರ್ಷ ಹೆಚ್ಚು ತೋರಿಸ್ತದ, ಕಾಳು ಒಂದೇ ಹಂಗಾಮಿನದು. ಇಲಿ ಬಿಲದ ಮಣ್ಣು ಮಾತ್ರ ಬಿಟ್ವಿ, ಇಲಿ ನಿನ್ನೆ ಮೊನ್ನೆ ಕಾಳೂ ಒಳಗ ಒಯ್ದಿರ್ತದ.

ಕಾಳಿನಿಂದ ಬಂದ ಉತ್ತರ ನವಶಿಲಾಯುಗ, ಬಳ್ಳಾರಿ ಜಿಲ್ಲೆ ಟೆಕ್ಕಲಕೋಟೆ ಗುಡ್ಡದಾಗ ಇದ್ದ ಹಳೇ ಮಂದಿ ಕಾಲ. ವರದಿ ಅಚ್ಚಾಗೋ ತನಕ ನಂಬರ್ ಹೇಳಲ್ಲ. ದವಡಿಯಾಗ ಕಡೇ ಹಲ್ಲು ಅರ್ಧ ಬಂದಿತ್ತು, ಹಂಗಾಗಿ ಇಪ್ಪತ್ತರ ಆಸುಪಾಸಿನ ಜೀವ. ಆ ವಯಸ್ಸಿಗೇ ಮುಂದಿನ ದವಡಿ ಹಲ್ಲು ಸಪಾಟು ಸವೆದಿದ್ವು, ಕಲ್ಲಿನಾಗ ಅರೆದ ಹಿಟ್ಟಿನ ಮರಳು ತಿಂದು.

ಬುರುಡೆ ಬ್ಯಾರೆ ಡಬ್ಬಿಯಾಗ ಐತಿ. ‘ಗೋಂದು ಹಚ್ಚಿದೆ, ಡೇಟಿಂಗ್‌ಗೆ ಬೇಡ’ ಅಂತ ಚೀಟಿ, ನನ್ನದೇ ಅಕ್ಷರ.